ಮೋರೆಯ ಮೇಲೆ ಕಾಣುವ ಪದ: ‘ಮೊರೋಸ್’ ಕಲಿಯುವ ಬಗೆ

ಪ್ರಶ್ನೆ: ನಾನು ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವನು. ಈಗ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತ ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. ದಿನಕ್ಕೆ ಹತ್ತು ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದುಕೊಂಡು ಬಾಯಿಪಾಠ ಮಾಡುತ್ತೇನೆ. ‘ಮೊರೋಸ್’ ಎಂಬ ಪದಕ್ಕೆ ‘ಖಿನ್ನ’ ಎಂದು ಬರೆದುಕೊಂಡಿದ್ದೆ. ಕಳೆದ ತಿಂಗಳು ಅಜ್ಜಿ ತೀರಿಕೊಂಡಾಗ ಮೇಲಧಿಕಾರಿಗೆ ಕಳಿಸಿದ ಮೇಲ್‌ನಲ್ಲಿ ‘ಐ ಆಮ್ ಮೊರೋಸ್ ಬಿಕಾಸ್ ಆಫ್ ಮೈ ಗ್ರ್ಯಾಂಡ್‌ಮದರ್ಸ್ ಡೆತ್’ ಎಂದು ಬರೆದೆ. ಅವರು ಸಂತಾಪ ಸೂಚಿಸಿದರು. ಕೆಲವು ದಿನಗಳ ನಂತರ, ಆ ಪದ ಅಲ್ಲಿ ಹೊಂದುವುದಿಲ್ಲ ಎಂದೂ ಮೆಲ್ಲಗೆ ಹೇಳಿದರು. ಏಕೆ ಹೊಂದುವುದಿಲ್ಲ? ಗ್ಲೂಮಿ, ಸಲನ್, ಮೆಲಂಕಲಿ, ಡಿಜೆಕ್ಟೆಡ್ ಎಲ್ಲದರ ಮುಂದೆಯೂ ನನ್ನ ಪುಸ್ತಕದಲ್ಲಿ ‘ಖಿನ್ನ’ ಎಂದೇ ಇದೆ. ಇವನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುವುದು ಹೇಗೆ?

ಉತ್ತರ: ಮೊದಲಿಗೆ, ನಿಮ್ಮ ಅಜ್ಜಿಯವರ ಅಗಲಿಕೆಗೆ ನನ್ನ ಸಂತಾಪಗಳು. ನೀವು ಬರೆದ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಹೇಳಬೇಕೆಂದಿದ್ದುದೂ ತಲುಪಿದೆ, ಇಲ್ಲದಿದ್ದರೆ ನಿಮ್ಮ ಅಧಿಕಾರಿ ಸಂತಾಪ ಹೇಳುತ್ತಿರಲಿಲ್ಲ. ಆದರೂ ಅವರು ಹೇಳಿದ್ದು ಸರಿ. ‘ಐ ಆಮ್ ಮೊರೋಸ್’ ಎಂದಾಗ ಇಂಗ್ಲಿಷ್ ಬಲ್ಲವರ ಕಿವಿಗೆ ಬೀಳುವ ಅರ್ಥ ‘ನನಗೆ ದುಃಖವಾಗಿದೆ’ ಎಂದಲ್ಲ. ‘ನಾನು ಮುಖ ಗಂಟಿಕ್ಕಿಕೊಂಡು, ಯಾರೊಡನೆಯೂ ಸರಿಯಾಗಿ ಮಾತನಾಡದೆ, ಕೇಳಿದರೆ ಸಿಡುಕುತ್ತ ಕೂತಿದ್ದೇನೆ’ ಎಂದು. ಅಜ್ಜಿಯನ್ನು ಕಳೆದುಕೊಂಡ ಮೊಮ್ಮಗ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಅದಲ್ಲ. ಮೊರೋಸ್ ಎನ್ನುವುದು ದುಃಖಕ್ಕೆ ಇಟ್ಟ ಹೆಸರಲ್ಲ. ಒಳಗೆ ದುಃಖವಿರಲಿ, ಸಿಟ್ಟಿರಲಿ, ಸೋತ ಭಾವನೆಯಿರಲಿ, ಅದನ್ನು ಹೊತ್ತುಕೊಂಡ ಮನುಷ್ಯ ಸುತ್ತಲಿನವರಿಗೆ ಹೇಗೆ ಕಾಣುತ್ತಾನೆ, ಅವರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಇಟ್ಟ ಹೆಸರು. ಆ ಹೆಸರಿನಲ್ಲಿ ಸಣ್ಣದೊಂದು ಆಕ್ಷೇಪವೂ ಬೆರೆತಿರುತ್ತದೆ.

ಈ ವ್ಯತ್ಯಾಸವನ್ನು ತಿಳಿಯಲು ಇಂಗ್ಲಿಷಿನವರೆಗೆ ಹೋಗಬೇಕಾಗಿಲ್ಲ, ನಮ್ಮ ಕನ್ನಡದ ವಾಕ್ಯಗಳಲ್ಲಿಯೇ ಅದು ನಿಚ್ಚಳವಾಗಿದೆ. ನಾವು ‘ನನಗೆ ಬೇಸರವಾಗಿದೆ’, ‘ಅವಳಿಗೆ ದುಃಖವಾಯಿತು’, ‘ಅಪ್ಪನಿಗೆ ಸಂಕಟವಾಗುತ್ತಿದೆ’ ಎನ್ನುತ್ತೇವೆ. ಇಲ್ಲಿ ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿದ್ದಾನೆ. ಭಾವನೆ ಎಲ್ಲಿಂದಲೋ ಬಂದು ಅವನಿಗೆ ಆಗಿದೆ, ಅವನು ಅದನ್ನು ಮಾಡಿಲ್ಲ. ಆದ್ದರಿಂದ ಅವನನ್ನು ಯಾರೂ ದೂರುವುದಿಲ್ಲ. ಇನ್ನೊಂದು ಬಗೆಯ ವಾಕ್ಯಗಳನ್ನು ನೋಡಿ: ‘ಅವನು ಮುಖ ಊದಿಸಿಕೊಂಡಿದ್ದಾನೆ’, ‘ಬೆಳಗಿನಿಂದ ಮೋರೆ ಗಂಟು ಹಾಕಿಕೊಂಡು ಕೂತಿದ್ದಾನೆ’, ‘ಅತ್ತೆ ಮುನಿಸಿಕೊಂಡಿದ್ದಾರೆ’. ಇಲ್ಲಿ ಮನುಷ್ಯನೇ ಕರ್ತೃ. ಕ್ರಿಯಾಪದದ ಕೊನೆಯಲ್ಲಿ ‘ಕೊಳ್ಳು’ ಬಂದು, ಇದನ್ನು ಅವನೇ ತನ್ನ ಮೇಲೆ ತಂದುಕೊಂಡಿದ್ದಾನೆ, ಬೇಕೆಂದರೆ ಬಿಡಬಹುದು ಎಂಬ ಸೂಚನೆ ಕೊಡುತ್ತದೆ. ‘ಬೇಸರ’ ಎಂಬ ಒಂದೇ ಪದ ಎರಡೂ ಬಗೆಯಲ್ಲಿ ಬರುವುದನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ‘ನಿಮಗೆ ಬೇಸರವಾಗಿದೆ’ ಎಂದಾಗ ಅನುಕಂಪವಿದೆ. ‘ಬೇಸರ ಮಾಡಿಕೊಳ್ಳಬೇಡಿ’ ಎಂದಾಗ, ಅದು ನಿಮ್ಮ ಕೈಯಲ್ಲಿದೆ ಎಂಬ ನಂಬಿಕೆಯಿದೆ.

ಇಂಗ್ಲಿಷಿನಲ್ಲಿ ಈ ಎರಡು ಬಗೆಗೂ ವಾಕ್ಯದ ಚೌಕಟ್ಟು ಒಂದೇ. ‘ಹಿ ಈಸ್ ಸ್ಯಾಡ್’, ‘ಹಿ ಈಸ್ ಡಿಜೆಕ್ಟೆಡ್’, ‘ಹಿ ಈಸ್ ಸಲನ್’, ‘ಹಿ ಈಸ್ ಮೊರೋಸ್’ ಎಲ್ಲವೂ ಹೊರನೋಟಕ್ಕೆ ಒಂದೇ ಅಚ್ಚಿನವು. ಕನ್ನಡದಲ್ಲಿ ವಿಭಕ್ತಿ ಮತ್ತು ಕ್ರಿಯಾಪದ ಹೊತ್ತಿರುವ ಭೇದವನ್ನು ಅಲ್ಲಿ ಗುಣವಾಚಕವೊಂದೇ ಹೊರಬೇಕು. ನಿಮ್ಮ ಪುಸ್ತಕದಲ್ಲಿ ಆ ಗುಣವಾಚಕಗಳೆಲ್ಲದರ ಮುಂದೆಯೂ ‘ಖಿನ್ನ’ ಎಂದು ಬರೆದ ಕ್ಷಣದಲ್ಲೇ ಈ ಭೇದ ಅಳಿಸಿಹೋಯಿತು. ಅದಕ್ಕಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವ ಪರೀಕ್ಷೆ ಇಷ್ಟೇ: ಮನಸ್ಸಿನ ಸ್ಥಿತಿಯನ್ನು ಹೇಳುವ ಯಾವುದೇ ಇಂಗ್ಲಿಷ್ ಪದ ಸಿಕ್ಕಾಗ, ಅದನ್ನು ಕನ್ನಡದಲ್ಲಿ ‘ಅವನಿಗೆ ಏನೋ ಆಗಿದೆ’ ಎಂದು ಹೇಳುತ್ತೀರೋ, ‘ಅವನು ಏನೋ ಮಾಡಿಕೊಂಡಿದ್ದಾನೆ’ ಎಂದು ಹೇಳುತ್ತೀರೋ ಕೇಳಿಕೊಳ್ಳಿ. ಸ್ಯಾಡ್, ಡಿಜೆಕ್ಟೆಡ್, ಡೆಸ್ಪಾಂಡೆಂಟ್ ಇವು ‘ಆಗಿದೆ’ ಪದಗಳು. ಮೊರೋಸ್, ಸಲನ್, ಸಲ್ಕಿ ಇವು ‘ಕೊಂಡಿದ್ದಾನೆ’ ಪದಗಳು. ಗ್ಲೂಮಿ, ಗ್ಲಮ್ ನಡುವೆ ಎಲ್ಲೋ ನಿಲ್ಲುತ್ತವೆ.

ಹಾಗಾದರೆ ಯಾರೂ ತಮ್ಮನ್ನು ತಾವು ಮೊರೋಸ್ ಎಂದು ಹೇಳಿಕೊಳ್ಳುವುದೇ ಇಲ್ಲವೇ? ಹೇಳಿಕೊಳ್ಳುತ್ತಾರೆ, ಆದರೆ ಹೆಚ್ಚಾಗಿ ಹಿಂತಿರುಗಿ ನೋಡುವಾಗ. ‘ಕೆಲಸ ಹೋದ ಮೇಲೆ ಆರು ತಿಂಗಳು ಮೊರೋಸ್ ಆಗಿದ್ದೆ, ಮನೆಯವರು ಸಹಿಸಿಕೊಂಡರು’ ಎಂದು ಒಬ್ಬರು ಹೇಳಿದರೆ ಅದು ಸಹಜ. ಆಗಿನ ತನ್ನನ್ನು ಈಗ ಹೊರಗಿನವರ ಕಣ್ಣಿನಿಂದ ನೋಡುತ್ತಿದ್ದಾರೆ. ಇತ್ತೀಚಿನ ಬರವಣಿಗೆಯಲ್ಲಿ ಈ ಪದ ಬರೀ ಮಂಕುತನದ ಕಡೆಗೂ ಸ್ವಲ್ಪ ವಾಲಿದೆ ಎಂಬುದನ್ನೂ ಒಪ್ಪಬೇಕು. ಆದರೂ ಸಂತಾಪದ ಪತ್ರದಲ್ಲಿ ಅದು ಇಂದಿಗೂ ಕೂರುವುದಿಲ್ಲ. ನೀವು ‘ಐ ಆಮ್ ಡೀಪ್ಲಿ ಸ್ಯಾಡನ್ಡ್ ಬೈ ಮೈ ಗ್ರ್ಯಾಂಡ್‌ಮದರ್ಸ್ ಡೆತ್’ ಎಂದೋ, ಇನ್ನೂ ಸರಳವಾಗಿ ‘ಐ ಆಮ್ ಗ್ರೀವಿಂಗ್’ ಎಂದೋ ಬರೆಯಬಹುದಿತ್ತು. ದೊಡ್ಡ ದುಃಖಕ್ಕೆ ಇಂಗ್ಲಿಷಿನಲ್ಲಿ ಚಿಕ್ಕ ಪದಗಳೇ ಒಪ್ಪುತ್ತವೆ. ನಿಮ್ಮ ಪರೀಕ್ಷೆಯ ಪುಸ್ತಕ ಇದನ್ನು ಹೇಳಿಕೊಡುವುದಿಲ್ಲ.

ಪದದ ಮೂಲವನ್ನು ತಿಳಿದರೆ ಈ ಆಕ್ಷೇಪದ ಎಳೆ ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ. ಮೊರೋಸ್ ಬಂದದ್ದು ಲ್ಯಾಟಿನ್ನಿನ ‘ಮೊರೋಸುಸ್’ ಎಂಬ ಪದದಿಂದ, ಅದು ‘ಮೋಸ್’ ಎಂಬ ನಾಮಪದದಿಂದ. ಮೋಸ್ ಎಂದರೆ ರೂಢಿ, ನಡವಳಿಕೆ, ಚಾಳಿ. (ನಮ್ಮ ‘ಮೋಸ’ಕ್ಕೂ ಇದಕ್ಕೂ ಯಾವ ನಂಟೂ ಇಲ್ಲ.) ಇದೇ ಮೋಸ್‌ನಿಂದಲೇ ‘ಮಾರಲ್’ ಕೂಡ ಬಂದಿದೆ, ನೀತಿವಂತನೂ ಸಿಡುಕನೂ ಒಂದೇ ಮನೆತನದ ಪದಗಳು ಎಂಬುದು ನನ್ನನ್ನು ಈಗಲೂ ಅಚ್ಚರಿಗೊಳಿಸುತ್ತದೆ. ಕೊನೆಯ ‘ಓಸ್’ ಲ್ಯಾಟಿನ್ನಿನ ‘ಓಸುಸ್’ ಪ್ರತ್ಯಯ, ‘ತುಂಬಿದ’ ಎಂದು ಅದರ ಅರ್ಥ. ಮಾತು ತುಂಬಿದ್ದು ವರ್ಬೋಸ್, ತಮಾಷೆ ತುಂಬಿದವನು ಜೊಕೋಸ್, ಜಗಳಗಂಟತನ ತುಂಬಿದವನು ಬೆಲಿಕೋಸ್. ಹಾಗೆಯೇ ತನ್ನದೇ ಚಾಳಿ, ತನ್ನದೇ ಹಟ ತುಂಬಿಕೊಂಡವನು, ಏನು ಮಾಡಿದರೂ ಸಮಾಧಾನವಾಗದವನು ಮೊರೋಸ್. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮುಪ್ಪಿನ ಬಗ್ಗೆ ಬರೆದ ಗ್ರಂಥದಲ್ಲಿ, ಮುದುಕರು ಮೊರೋಸ್, ಆತಂಕದವರು, ಮುಂಗೋಪಿಗಳು ಎಂಬ ದೂರನ್ನು ಎತ್ತಿಕೊಂಡು, ಇವು ಸ್ವಭಾವದ ದೋಷಗಳೇ ಹೊರತು ಮುಪ್ಪಿನ ದೋಷಗಳಲ್ಲ ಎಂದು ಉತ್ತರಿಸುತ್ತಾನೆ. ಅಲ್ಲಿ ‘ಸ್ವಭಾವ’ ಎನ್ನಲು ಅವನು ಬಳಸಿದ್ದೂ ಅದೇ ಮೋಸ್ ಪದದ ರೂಪವನ್ನು. ಪದದೊಳಗಿನ ಬೇರು ಅವನ ಕಿವಿಗೆ ಇನ್ನೂ ಕೇಳುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂದಾಗಲೂ ಈ ದೂರು ಅದರ ಜೊತೆಗೇ ಬಂತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಇದಕ್ಕೆ ಕೊಟ್ಟ ಅರ್ಥಗಳಲ್ಲಿ ಹುಳಿ ಸ್ವಭಾವ, ಸಿಡುಕು, ಬಿಗುವಿನ ಮೌನ ಇವೆ, ದುಃಖವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಶ್ಚಾತ್ತಾಪದ ‘ರಿಮೋರ್ಸ್’ ಮತ್ತು ಸಾವಿಗೆ ಸಂಬಂಧಿಸಿದ ‘ಮಾರ್ಟಲ್’ ಇವೆರಡನ್ನೂ ಇದರ ಬಂಧುಗಳೆಂದು ಭಾವಿಸುವವರಿದ್ದಾರೆ. ಎರಡೂ ಅಲ್ಲ. ಮೊದಲನೆಯದರ ಬೇರು ‘ಕಚ್ಚು’ ಎಂಬ ಕ್ರಿಯೆ, ತಪ್ಪು ಮಾಡಿದ ಮೇಲೆ ಒಳಗೆ ಕಚ್ಚುತ್ತಲೇ ಇರುವುದು ರಿಮೋರ್ಸ್. ಎರಡನೆಯದರ ಬೇರು ಸಾವು. ನಿಮ್ಮ ಮನಸ್ಸಿನಲ್ಲಿ ಅಜ್ಜಿಯ ಸಾವಿನ ಜೊತೆ ಮೊರೋಸ್ ತಳುಕು ಹಾಕಿಕೊಳ್ಳಲು ಈ ಧ್ವನಿಸಾಮ್ಯವೂ ಒಂದು ಕಾರಣವಾಗಿದ್ದಿರಬಹುದು.

ಇನ್ನು ನೆರೆಹೊರೆಯ ಪದಗಳಿಗೆ ಬರೋಣ. ಮೊರೋಸ್‌ಗೆ ತೀರ ಹತ್ತಿರದ್ದು ಸಲನ್. ಮದುವೆಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಗ್ನಪತ್ರಿಕೆಯಲ್ಲಿ ಸೋದರಮಾವನೊಬ್ಬನ ಹೆಸರು ಬಿಟ್ಟುಹೋಗಿದೆ. ಅವನು ಮದುವೆಗೆ ಬಂದಿದ್ದಾನೆ, ಮುಂದಿನ ಸಾಲಿನಲ್ಲೇ ಕೂತಿದ್ದಾನೆ, ಆದರೆ ಯಾರು ಮಾತನಾಡಿಸಿದರೂ ‘ಹೂಂ’ ಎಂಬುದರಾಚೆಗೆ ಮಾತಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. ಅವನ ಸಿಟ್ಟಿಗೆ ಕಾರಣ ಎಲ್ಲರಿಗೂ ಗೊತ್ತು, ಅದು ಯಾರ ಮೇಲೆ ಎಂಬುದೂ ಗೊತ್ತು. ಆ ದಿನ ಅವನು ಸಲನ್. ಯಾರಾದರೂ ಹಿರಿಯರು ಹೋಗಿ ಕೈಹಿಡಿದು ಕ್ಷಮೆ ಕೇಳಿದರೆ ಆ ಬಿಗು ಸಡಿಲವಾಗುತ್ತದೆ. ಆದರೆ ಮದುವೆ ಮುಗಿದು ತಿಂಗಳು ಕಳೆದರೂ ಅವನು ತನ್ನ ಮನೆಯ ಜಗಲಿಯಲ್ಲಿ ಹಾಗೆಯೇ ಕೂತಿದ್ದರೆ, ಹೆಂಡತಿ ಮಕ್ಕಳೊಡನೆಯೂ ಮಾತು ಕಡಿಮೆಯಾಗಿದ್ದರೆ, ಕಾರಣ ಮಸುಕಾಗಿ ಮುಖಭಾವ ಮಾತ್ರ ಉಳಿದಿದ್ದರೆ, ಆಗ ಅವನು ಮೊರೋಸ್. ಸಲನ್‌ನಲ್ಲಿ ಕೋಪ ಮುಂದೆ, ಅದಕ್ಕೊಂದು ಗುರಿಯಿದೆ. ಮೊರೋಸ್‌ನಲ್ಲಿ ಕಹಿ ಮತ್ತು ನಿರಾಸೆ ಬೆರೆತು ಇಡೀ ಮನುಷ್ಯನನ್ನೇ ಆವರಿಸಿರುತ್ತದೆ. ಸಲನ್ ಪದದ ಬೇರು ‘ಒಬ್ಬಂಟಿ’ ಎಂಬರ್ಥದ ಲ್ಯಾಟಿನ್ ಪದ, ಸೋಲೊ ಎನ್ನುವ ಪದದಲ್ಲಿರುವುದೂ ಅದೇ. ಹತ್ತು ಜನರ ನಡುವೆ ಒಬ್ಬಂಟಿಯಾಗಿ ಕೂತ ಆ ಸೋದರಮಾವನಿಗೆ ಅದು ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಗ್ಲೂಮಿ ಮೋಡದ ಪದ. ಕೋಣೆ ಗ್ಲೂಮಿ ಆಗಿರಬಹುದು, ಸಂಜೆ ಗ್ಲೂಮಿ ಆಗಿರಬಹುದು, ಬರಗಾಲದ ಮುನ್ಸೂಚನೆ ಗ್ಲೂಮಿ ಆಗಿರಬಹುದು. ಮನುಷ್ಯನಿಗೂ ಅದು ಸಲ್ಲುತ್ತದೆ. ಮೊರೋಸ್‌ಗೆ ಈ ಸ್ವಾತಂತ್ರ್ಯವಿಲ್ಲ. ಆಕಾಶವನ್ನೋ ಕೋಣೆಯನ್ನೋ ಮೊರೋಸ್ ಎಂದರೆ ತಪ್ಪಾಗುತ್ತದೆ, ಕವಿ ಬೇಕೆಂದೇ ಬರೆದಿದ್ದರೆ ಬೇರೆ ಮಾತು. ಕನ್ನಡದ ‘ಕವಿ’ ಎಂಬ ಕ್ರಿಯಾಪದವೂ ಗ್ಲೂಮಿಯ ಹಾಗೆಯೇ ಮೋಡಕ್ಕೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ: ಮೋಡ ಕವಿಯುತ್ತದೆ, ಮಂಕು ಕವಿಯುತ್ತದೆ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷಿನಲ್ಲಿ ‘ಗ್ಲೂಮ್’ ಮೊದಲು ಹುಬ್ಬುಗಂಟಿಕ್ಕುವ ಕ್ರಿಯೆಯಾಗಿತ್ತು, ಕತ್ತಲು ಎಂಬ ಅರ್ಥ ಆಮೇಲೆ ಬಂತು. ಗ್ಲಮ್ ಅದರದೇ ಒಡಹುಟ್ಟು. ಮಾತು ಕಡಿಮೆ, ಮುಖ ಸಪ್ಪೆ, ಅಷ್ಟಕ್ಕೇ ಮುಗಿಯುವ ಹಗುರ ಪದ.

ಡಿಜೆಕ್ಟೆಡ್ ಎಂದರೆ ‘ಕೆಳಗೆ ಎಸೆಯಲ್ಪಟ್ಟ’ ಎಂದು ಮೂಲಾರ್ಥ. ಫಲಿತಾಂಶ ನೋಡಿ ಕುಗ್ಗಿಹೋದ ಅಭ್ಯರ್ಥಿ ಡಿಜೆಕ್ಟೆಡ್. ಸಂಸ್ಕೃತದಿಂದ ಬಂದ ನಮ್ಮ ‘ವಿಷಾದ’ದಲ್ಲೂ ಕುಸಿಯುವ, ಕೂರುವ ಚಿತ್ರವೇ ಇದೆ, ರಥದಲ್ಲಿ ಬಿಲ್ಲು ಬಿಟ್ಟು ಕುಸಿದು ಕೂತ ಅರ್ಜುನನನ್ನು ನೆನೆದರೆ ಸಾಕು, ಡಿಜೆಕ್ಟೆಡ್ ಮರೆಯುವುದಿಲ್ಲ. ಅವನನ್ನು ಯಾರೂ ಮೊರೋಸ್ ಎನ್ನಲಾರರು: ಅವನು ಮಾತು ನಿಲ್ಲಿಸಿಲ್ಲ, ಎದುರಿಗಿದ್ದವನಿಗೆ ಮನಸ್ಸು ಬಿಚ್ಚಿ ಹೇಳುತ್ತಿದ್ದಾನೆ. ಡೆಸ್ಪಾಂಡೆಂಟ್ ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಇನ್ನೇನೂ ಸಾಧ್ಯವಿಲ್ಲ ಎಂದು ಕೈಚೆಲ್ಲಿದ ಸ್ಥಿತಿ.

ಮೆಲಂಕಲಿ ಎಂಬುದಕ್ಕೆ ದೊಡ್ಡ ಇತಿಹಾಸವಿದೆ. ಗ್ರೀಕ್ ಭಾಷೆಯಲ್ಲಿ ‘ಕಪ್ಪು’ ಮತ್ತು ‘ಪಿತ್ತ’ ಎಂಬ ಎರಡು ಪದಗಳು ಸೇರಿ ಅದು ಆಗಿದೆ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಸಮತೋಲನವೇ ಆರೋಗ್ಯವೆಂದು ಹಿಪ್ಪೊಕ್ರೆಟೀಸನ ಪರಂಪರೆಯ ವೈದ್ಯರು ನಂಬಿದ್ದರು. ಕಪ್ಪು ಪಿತ್ತ ಹೆಚ್ಚಾದರೆ ಮನುಷ್ಯ ಮಂಕಾಗುತ್ತಾನೆ ಎಂಬುದು ಅವರ ವಿವರಣೆ. ವಾತ, ಪಿತ್ತ, ಕಫಗಳ ಮಾತು ಕೇಳುತ್ತ ಬೆಳೆದ, ‘ಪಿತ್ತ ನೆತ್ತಿಗೇರಿತು’ ಎಂದು ಇಂದಿಗೂ ಹೇಳುವ ನಮಗೆ ಈ ಯೋಚನೆಯ ದಾರಿ ಅಪರಿಚಿತವಲ್ಲ. ಆ ನಾಲ್ಕು ದ್ರವಗಳಿಂದ ಇಂಗ್ಲಿಷಿನಲ್ಲಿ ನಾಲ್ಕು ಸ್ವಭಾವಸೂಚಕ ಪದಗಳು ಉಳಿದಿವೆ: ಸ್ಯಾಂಗ್ವಿನ್ (ಉಲ್ಲಾಸದ, ಆಶಾವಾದಿ), ಫ್ಲೆಗ್ಮ್ಯಾಟಿಕ್ (ಸುಲಭಕ್ಕೆ ಉದ್ವೇಗಗೊಳ್ಳದ), ಕಾಲರಿಕ್ (ಮುಂಗೋಪದ), ಮೆಲಂಕಲಿಕ್ (ಮಂಕು ಕವಿದ). ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇವನ್ನು ಒಟ್ಟಿಗೇ ಕಲಿಯುವುದು ಒಳ್ಳೆಯದು. ಇಂದು ಮೆಲಂಕಲಿಯಲ್ಲಿ ಕಹಿಯಿಲ್ಲ, ಒಂದು ಬಗೆಯ ಮೃದುತ್ವವಿದೆ. ಆಷಾಢದ ಮಳೆ ಹಿಡಿದ ಸಂಜೆ ಮಲೆನಾಡಿನ ಮನೆಯೊಳಗೆ, ಕಾರಣವೇ ಇಲ್ಲದೆ ಮನಸ್ಸು ಭಾರವಾಗಿ, ಆ ಭಾರವೂ ಒಂದಿಷ್ಟು ಹಿತವೆನ್ನಿಸುವುದುಂಟಲ್ಲ, ಅದು ಮೆಲಂಕಲಿ. ಅಂಥ ಸಂಜೆ ಯಾರಾದರೂ ಬಂದು ಕದ ತಟ್ಟಿದರೆ ಮೆಲಂಕಲಿಯಲ್ಲಿರುವವನು ಎದ್ದು ಹೋಗಿ ಬಾಗಿಲು ತೆಗೆದು ಕಾಫಿ ಕೊಡುತ್ತಾನೆ. ಮೊರೋಸ್ ಆಗಿರುವವನು ಕೂತಲ್ಲಿಂದಲೇ ‘ಯಾರದು’ ಎನ್ನುತ್ತಾನೆ.

ಇನ್ನೊಂದು ಪದವನ್ನು ಹೇಳದಿರಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಕನ್ನಡಿಗರಿಗೆ ಅದು ಅನಾಯಾಸವಾಗಿ ಒಲಿಯಬೇಕಾದ ಪದ: ಸ್ಯಾಟರ್ನೈನ್. ಸ್ಯಾಟರ್ನ್ ಎಂದರೆ ಶನಿ. ಶನಿಯ ಪ್ರಭಾವದಲ್ಲಿ ಹುಟ್ಟಿದವನು ಗಂಭೀರ, ನಿಧಾನಿ, ನಗದವನು ಎಂಬ ಯುರೋಪಿನ ಹಳೆಯ ಜ್ಯೋತಿಷದ ನಂಬಿಕೆಯಿಂದ ಅದು ಬಂದಿದೆ. ನಮ್ಮ ‘ಶನೈಶ್ಚರ’ ಎಂಬ ಹೆಸರಿನ ಅರ್ಥವೂ ನಿಧಾನವಾಗಿ ಚಲಿಸುವವನು ಎಂದೇ. ಆ ಗ್ರಹ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 29.5 ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದಕ್ಕೆ ಹತ್ತಿರ ಹತ್ತಿರ ಎರಡೂವರೆ ವರ್ಷ, ಮೂರು ರಾಶಿಗಳಿಗೆ ಏಳೂವರೆ. ಸಾಡೇಸಾತಿಯ ಲೆಕ್ಕ ಇದೇ. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಅತಿ ನಿಧಾನವಾದ ಇದಕ್ಕೆ ಎರಡು ನಾಡುಗಳ ಜನ ಒಂದೇ ಮುಖಭಾವವನ್ನು ಕೊಟ್ಟರು. ಸ್ಯಾಟರ್ನೈನ್ ಎನ್ನುವುದು ಸ್ಥಾಯಿಯಾದ ಸ್ವಭಾವ, ಒಂದು ದಿನದ ಅಥವಾ ತಿಂಗಳ ಸ್ಥಿತಿಯಲ್ಲ. ಹೆಚ್ಚಾಗಿ ಕಪ್ಪುಗಟ್ಟಿದ, ಬಿಗಿದ ಮುಖಚರ್ಯೆಯನ್ನು ಬಣ್ಣಿಸಲು ಕಾದಂಬರಿಗಳಲ್ಲಿ ಬರುತ್ತದೆ.

ಹಾಗೆಯೇ ‘ಸ್ಯಾಡ್’ ಎಂಬ ಪುಟ್ಟ ಪದದ ಬಗ್ಗೆ ಒಂದು ಮಾತು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಹೊಟ್ಟೆ ತುಂಬಿದ, ಸಾಕಾದ’ ಎಂದಿತ್ತು. ಸಾಕಾದದ್ದು ಭಾರವಾಯಿತು, ಭಾರವಾದದ್ದು ದುಃಖವಾಯಿತು. ಕನ್ನಡದಲ್ಲಿ ‘ಸಾಕು’ ಎನ್ನುವುದು ತೃಪ್ತಿಯ ಮಾತು, ‘ಸಾಕಾಗಿಹೋಗಿದೆ’ ಎನ್ನುವುದು ಬೇಸತ್ತವರ ಮಾತು. ಎರಡೂ ಭಾಷೆಗಳು ತಮ್ಮ ಪಾಡಿಗೆ ತಾವು ನಡೆದು ಒಂದೇ ತಿರುವಿನಲ್ಲಿ ಸಂಧಿಸಿದ್ದನ್ನು ಕಂಡಾಗ ಪದ ಕಲಿಯುವ ಶ್ರಮವೆಲ್ಲ ಸಾರ್ಥಕವೆನ್ನಿಸುತ್ತದೆ.

ನೆನಪಿನಲ್ಲಿ ಉಳಿಸಿಕೊಳ್ಳುವುದು ಹೇಗೆಂಬ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾ ಎಂಬ ಸಂಶೋಧಕರು ರಷ್ಯನ್ ಪದಗಳನ್ನು ಕಲಿಸುವಾಗ ಒಂದು ವಿಧಾನವನ್ನು ಪರೀಕ್ಷಿಸಿದರು. ಹೊಸ ಪದದ ಧ್ವನಿಗೆ ಹತ್ತಿರವಾದ ಪದವೊಂದನ್ನು ಕಲಿಯುವವನ ಸ್ವಂತ ಭಾಷೆಯಿಂದ ಆರಿಸಿ, ಅದನ್ನು ಹೊಸ ಪದದ ಅರ್ಥದೊಂದಿಗೆ ಒಂದು ಚಿತ್ರದಲ್ಲಿ ಬೆಸೆಯುವುದು ಆ ವಿಧಾನ. ಹಾಗೆ ಕಲಿತವರು ಉಳಿದವರಿಗಿಂತ ಹೆಚ್ಚು ಪದಗಳನ್ನು ನೆನಪಿಟ್ಟುಕೊಂಡರು. ಮೊರೋಸ್ ಪದಕ್ಕೆ ಕನ್ನಡ ಇಂಥ ಎರಡು ಕೊಂಡಿಗಳನ್ನು ತಾನಾಗಿಯೇ ಕೊಡುತ್ತದೆ: ‘ಮೋರೆ’ ಮತ್ತು ‘ರೋಸಿಹೋಗು’. ಎಲ್ಲದರಿಂದ ರೋಸಿಹೋದವನ ಮೋರೆ ಹೇಗಿರುತ್ತದೆಯೋ ಅದು ಮೊರೋಸ್. ಇದು ಬರೀ ಧ್ವನಿಯ ಹೋಲಿಕೆ, ಪದಗಳ ನಡುವೆ ರಕ್ತಸಂಬಂಧವಿಲ್ಲ. ಆದರೆ ಈ ಹೋಲಿಕೆ ನಿಮ್ಮನ್ನು ಸರಿಯಾದ ಅರ್ಥದ ಕಡೆಗೇ ಕರೆದೊಯ್ಯುತ್ತದೆ, ಏಕೆಂದರೆ ಮೋರೆಯೂ ಹೊರಗೆ ಕಾಣುವಂಥದ್ದು, ರೋಸುವಿಕೆಯಲ್ಲೂ ದುಃಖಕ್ಕಿಂತ ಕಹಿಯೇ ಹೆಚ್ಚು. ‘ಖಿನ್ನ’ ಎಂಬ ಗ್ರಾಂಥಿಕ ಪದ ಈ ಎರಡೂ ಕೆಲಸಗಳನ್ನು ಮಾಡಲಿಲ್ಲ.

ಉಚ್ಚಾರಣೆಯನ್ನು ಇದರ ಜೊತೆಗೇ ಸರಿಪಡಿಸಿಕೊಳ್ಳಿ. ಕನ್ನಡದ ಅಭ್ಯಾಸದಂತೆ ನಾವು ಮೊದಲ ಅಕ್ಷರದ ಮೇಲೆ ಒತ್ತು ಹಾಕಿ ‘ಮೋ’ ಎಂದು ಎಳೆಯುತ್ತೇವೆ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಸಣ್ಣದು, ‘ಮ’ ಎಂದಷ್ಟೇ ಕೇಳಿಸುತ್ತದೆ. ಒತ್ತೆಲ್ಲ ‘ರೋ’ ಮೇಲೆ. ಕೊನೆಯಲ್ಲಿ ಅಪ್ಪಟ ‘ಸ್’ ಇದೆ, ಗುಲಾಬಿ ಹೂವಿನ ‘ರೋಸ್’ನಲ್ಲಿ ಇಂಗ್ಲಿಷರು ಕೊನೆಗೆ ತರುವ ಝೇಂಕಾರದ ಧ್ವನಿ ಇಲ್ಲಿಲ್ಲ. ಔಷಧಿಯ ‘ಡೋಸ್’ ಎನ್ನುವಾಗಿನ ಸಕಾರವೇ ಇದು. ಮೆಲಂಕಲಿಯಲ್ಲಿ ಇದಕ್ಕೆ ವಿರುದ್ಧವಾಗಿ ಒತ್ತು ಮೊದಲ ಅಕ್ಷರದ ಮೇಲೆಯೇ, ಮತ್ತು ಕಾಗುಣಿತದಲ್ಲಿ ‘ಚ’ದಂತೆ ಕಾಣುವುದು ಬಾಯಲ್ಲಿ ‘ಕ’.

ದಿನಕ್ಕೆ ಹತ್ತು ಪದ ಎಂಬ ನಿಮ್ಮ ಲೆಕ್ಕವನ್ನು ಮೂರಕ್ಕೆ ಇಳಿಸಿ ಎಂಬುದು ನನ್ನ ಖಚಿತವಾದ ಸಲಹೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಅರ್ಥವಿಲ್ಲದೆ ಕಲಿತದ್ದರ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಕೈಬಿಡುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ತೋರಿಸಿದ. ಕಲಿತ ಪದವನ್ನು ಮರುದಿನ, ಮೂರನೆಯ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಹೀಗೆ ಅಂತರ ಹೆಚ್ಚಿಸುತ್ತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಪ್ರಯತ್ನಿಸಿ. ಸುಮ್ಮನೆ ತಿರುವಿಹಾಕಿ ಓದುವುದು ಇದಕ್ಕೆ ಸಮವಲ್ಲ. ಪದವನ್ನು ಒಂಟಿಯಾಗಿ ಬರೆಯದೆ, ಅದು ವಾಡಿಕೆಯಲ್ಲಿ ಯಾರ ಜೊತೆ ಓಡಾಡುತ್ತದೆ ಎಂಬುದನ್ನೂ ಬರೆಯಿರಿ: ಮೊರೋಸ್ ಸೈಲೆನ್ಸ್, ಮೊರೋಸ್ ಎಕ್ಸ್‌ಪ್ರೆಶನ್, ಗ್ರೂ ಮೊರೋಸ್, ಸ್ಟೇರ್ಡ್ ಮೊರೋಸ್ಲಿ. ನಾಮಪದ ಬೇಕಾದಾಗ ಮೊರೋಸ್‌ನೆಸ್.

ಒಂದು ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಈ ಗುಂಪಿಗೆ ಸೇರಿದಂತೆ ಕಾಣುವ ‘ಡಿಪ್ರೆಸ್ಡ್’ ಎಂಬ ಪದ ಇಂದು ವೈದ್ಯಕೀಯದ ಪದವೂ ಹೌದು. ಮಂಕು, ಆಸಕ್ತಿಹೀನತೆ, ನಿದ್ರೆ ಹಸಿವುಗಳ ಏರುಪೇರು ಎರಡು ವಾರಗಳಿಗೂ ಮೀರಿ ಬಹುಪಾಲು ಎಲ್ಲ ದಿನವೂ ಕಾಡಿದರೆ ವೈದ್ಯರು ಅದನ್ನು ಕಾಯಿಲೆಯ ದೃಷ್ಟಿಯಿಂದ ನೋಡುತ್ತಾರೆ. ಅಂಥವರನ್ನು ನೋಡಿ ‘ಮೊರೋಸ್ ಆಗಿದ್ದಾನೆ’ ಎಂದರೆ ಕಾಯಿಲೆಯನ್ನು ಸ್ವಭಾವದೋಷವೆಂದು ತೀರ್ಮಾನಿಸಿದಂತಾಗುತ್ತದೆ. ಅಜ್ಜಿಯ ಅಗಲಿಕೆಯ ನಂತರ ನಿಮಗೇ ಹಾಗೇನಾದರೂ ಆಗುತ್ತಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ ನಿಮ್ಮ ಪುಸ್ತಕದ ಪುಟ ಹೇಗಿರಬೇಕೆಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ, ಪದದ ಮುಂದೆ ಅರ್ಥ ಬರೆಯಬೇಡಿ, ನೀವು ಕಣ್ಣಾರೆ ಕಂಡ ಒಬ್ಬ ಮನುಷ್ಯನನ್ನು ಬರೆಯಿರಿ ಎಂದು ಹೇಳಿದ್ದೆ. ತೋಟದ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮೊರೋಸ್ ಪದದ ಮುಂದೆ ನೀಲಿ ಶಾಯಿಯಲ್ಲಿ ‘ಅಪ್ಪ, ಅಡಿಕೆ ರೇಟು ಬಿದ್ದ ವರ್ಷ’ ಎಂದು ಬರೆದು, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಕಾಫಿ ಆರಿದರೂ ಕುಡಿಯುತ್ತಿರಲಿಲ್ಲ, ಯಾಕೆ ಎಂದು ಕೇಳಿದರೆ ಬೈಯುತ್ತಿದ್ದರು’ ಎಂದು ಸೇರಿಸಿದ್ದಳು. ಪಕ್ಕದ ಸಾಲಿನಲ್ಲಿ ಸ್ಯಾಡ್ ಪದದ ಮುಂದೆ ‘ಅಮ್ಮ, ಅದೇ ವರ್ಷ’ ಎಂದಿತ್ತು.

ನಿಮ್ಮ ಪುಸ್ತಕದಲ್ಲಿ ‘ಖಿನ್ನ’ ಎಂದಿರುವ ಐದೂ ಕಡೆ ಅದನ್ನು ಹೊಡೆದುಹಾಕಿ, ಐದು ಬೇರೆ ಬೇರೆ ಜನರನ್ನು ಬರೆಯಿರಿ.